ಸೆಂಡಾ ಬೆರೆನ್ಸನ್: ವನಿತೆಯರ ಬ್ಯಾಸ್ಕೆಟ್‌ಬಾಲ್ ಆಟದ ಜನನಿ

ಸ್ತ್ರೀಶಿಕ್ಷಣದ ಚರಿತ್ರೆಯನ್ನು ಬರೆಯುವವರು ತರಗತಿಯ ಕೊಠಡಿಯನ್ನೂ ಗ್ರಂಥಾಲಯವನ್ನೂ ಪದವೀದಾನದ ವೇದಿಕೆಯನ್ನೂ ವರ್ಣಿಸಿ ಲೇಖನಿಯನ್ನು ಕೆಳಗಿಡುವುದುಂಟು. ವಿದ್ಯಾಲಯದ ಹಿಂಬದಿಯ ಆಟದ ಅಂಗಳದ ಕಡೆಗೆ ಅವರ ದೃಷ್ಟಿ ಹರಿಯುವುದು ವಿರಳ. ಆದರೆ ಅಮೆರಿಕ ದೇಶದಲ್ಲಿ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತತೊಡಗಿದಾಗ ಅವರಿಗೆ ಎದುರಾದ ಬಲವಾದ ಆಕ್ಷೇಪಗಳಲ್ಲಿ ಒಂದು ಬುದ್ಧಿಗೆ ಸಂಬಂಧಿಸಿದ್ದಲ್ಲ, ದೇಹಕ್ಕೆ ಸಂಬಂಧಿಸಿದ್ದು. 1873ರಲ್ಲಿ ಬಾಸ್ಟನ್ ನಗರದ ಎಡ್ವರ್ಡ್ ಕ್ಲಾರ್ಕ್ ಎಂಬ ಹೆಸರಾಂತ ವೈದ್ಯರು ಒಂದು ಗ್ರಂಥವನ್ನು ಪ್ರಕಟಿಸಿ, ಗಂಡಸರಂತೆ ಉನ್ನತ ವ್ಯಾಸಂಗ ಮಾಡುವ ಹೆಣ್ಣಿನ ಆರೋಗ್ಯ ಕೆಡುವುದೆಂದೂ ಆಕೆ ತಾಯ್ತನಕ್ಕೆ ಅಸಮರ್ಥಳಾಗುವಳೆಂದೂ ವಾದಿಸಿದರು. ಗ್ರಂಥ ಬಹುಬೇಗ ಮರುಮುದ್ರಣಗಳನ್ನು ಕಂಡಿತು. ಹೆಣ್ಣುಮಕ್ಕಳ ಕಾಲೇಜುಗಳನ್ನು ನಡೆಸುತ್ತಿದ್ದವರು ಇದಕ್ಕೆ ಮಾತಿನಲ್ಲಿ ಉತ್ತರ ಹೇಳಿದರೆ ಸಾಲುತ್ತಿರಲಿಲ್ಲ. ತಮ್ಮ ವಿದ್ಯಾರ್ಥಿನಿಯರನ್ನು ಆರೋಗ್ಯವಂತರನ್ನಾಗಿ ಮಾಡಿ ತೋರಿಸಬೇಕಾಗಿತ್ತು. ಆ ಉತ್ತರವನ್ನು ವ್ಯಾಯಾಮಶಾಲೆಯ ನೆಲದ ಮೇಲೆ ಸುಣ್ಣದ ಗೆರೆಗಳಲ್ಲಿ ಬರೆದವರು ಸೆಂಡಾ ಬೆರೆನ್ಸನ್.

ಅವರು ಜನಿಸಿದ್ದು 1868ರ ಮಾರ್ಚ್ 19ರಂದು, ಆಗ ರಷ್ಯನ್ ಚಕ್ರಾಧಿಪತ್ಯಕ್ಕೆ ಸೇರಿದ್ದ ಲಿಥುವೇನಿಯದ ಬುಟ್ರಿಮೋನಿಸ್ ಎಂಬ ಸಣ್ಣ ಊರಿನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಮನೆತನದ ಮೂಲ ಹೆಸರು ವಾಲ್ವ್ರೊಯೆನ್ಸ್ಕಿ. 1875ರಲ್ಲಿ ಈ ಕುಟುಂಬ ಊರುಬಿಟ್ಟು ಬಾಸ್ಟನ್ನಿಗೆ ಬಂದು ನೆಲಸಿ ಬೆರೆನ್ಸನ್ ಎಂಬ ಹೊಸ ಹೆಸರನ್ನು ಧರಿಸಿತು. ತಂದೆ ಊರಿಂದೂರಿಗೆ ತಿರುಗಿ ಸಾಮಾನು ಮಾರಿ ಸಂಸಾರ ಸಾಗಿಸಿದರು. ಪರದೇಶ, ಪರಭಾಷೆ, ಬಡತನ; ಆದರೂ ಮನೆಯಲ್ಲಿ ಓದಿಗೆ ಕೊರತೆಯಿರಲಿಲ್ಲ. ಸೆಂಡಾಳಿಗಿಂತ ಮೂರು ವರ್ಷ ಹಿರಿಯನಾದ ಅಣ್ಣ ಬರ್ನಾರ್ಡ್ ಹಾರ್ವರ್ಡ್‌ನಲ್ಲಿ ಓದಿ, ಮುಂದೆ ಇಟಲಿಯಲ್ಲಿ ನೆಲೆಗೊಂಡು, ನವೋದಯ ಕಾಲದ ಇಟಲಿಯ ಚಿತ್ರಕಲೆಯ ಬಗ್ಗೆ ಜಗತ್ತೇ ಮನ್ನಿಸುವ ಪಂಡಿತನಾದ. ಕಲಾ ವಿದ್ಯಾರ್ಥಿಗಳಲ್ಲಿ ಬರ್ನಾರ್ಡ್ ಬೆರೆನ್ಸನ್ ಹೆಸರನ್ನು ಕೇಳದವರು ಕಡಿಮೆ. ತಂಗಿಯ ಹೆಸರು ಅಷ್ಟು ದೂರ ಹೋಗಿಲ್ಲ. ಆದರೆ ಅವಳ ಕೆಲಸ ಮುಟ್ಟಿದ ಜನರ ಸಂಖ್ಯೆಯನ್ನು ಎಣಿಸುವುದಾದರೆ ಅಣ್ಣನನ್ನು ಹಿಂದೆ ಹಾಕುವಳೆಂದೇ ಈ ಲೇಖಕನ ಎಣಿಕೆ.

ಬಾಲ್ಯದಲ್ಲಿ ಸೆಂಡಾ ಬಲು ದುರ್ಬಲೆ. ಶಾಲೆಯ ಓದು ಅನಾರೋಗ್ಯದಿಂದ ಮತ್ತೆ ಮತ್ತೆ ತುಂಡಾಯಿತು. ಸಂಗೀತದಲ್ಲಿ ಆಸಕ್ತಿಯಿದ್ದುದರಿಂದ ಪಿಯಾನೊ ಕಲಿಯಲು ಬಾಸ್ಟನ್ನಿನ ಸಂಗೀತ ಶಾಲೆಯನ್ನು ಸೇರಿದರು. ಗಂಟೆಗಟ್ಟಲೆ ವಾದ್ಯದ ಮುಂದೆ ಕೂರಲು ಬೆನ್ನು ಒಪ್ಪಲಿಲ್ಲ. ಆ ಆಸೆಯನ್ನೂ ಬಿಡಬೇಕಾಯಿತು. ದೇಹಕ್ಕೆ ಕೊಂಚ ಬಲ ಬರಲೆಂಬ ಒಂದೇ ಉದ್ದೇಶದಿಂದ 1890ರಲ್ಲಿ ಅವರನ್ನು ಬಾಸ್ಟನ್ ನಾರ್ಮಲ್ ಸ್ಕೂಲ್ ಆಫ್ ಜಿಮ್ನಾಸ್ಟಿಕ್ಸ್ ಎಂಬ ವ್ಯಾಯಾಮ ಶಿಕ್ಷಕಿಯರ ತರಬೇತಿ ಶಾಲೆಗೆ ಸೇರಿಸಲಾಯಿತು. ಮೇರಿ ಹೆಮೆನ್ವೇ ಎಂಬ ದಾನಶೀಲೆಯ ನೆರವಿನಿಂದ ಅದು ಹಿಂದಿನ ವರ್ಷವಷ್ಟೇ ತಲೆಯೆತ್ತಿತ್ತು. ಏಮಿ ಮಾರಿಸ್ ಹೋಮನ್ಸ್ ಅದರ ನಿರ್ದೇಶಕಿ, ಸ್ವೀಡನ್ ದೇಶದ ಲಿಂಗ್ ಎಂಬವರ ಪದ್ಧತಿ ಅಲ್ಲಿಯ ಪಾಠ. ಪ್ರಾರಂಭದಲ್ಲಿ ಸೆಂಡಾರಿಗೆ ಅಲ್ಲಿಯ ಅಭ್ಯಾಸಗಳು ಯಾತನೆಯಾಗಿದ್ದುವು, ಮನಸ್ಸಿಗೂ ಹಿಡಿಸಿರಲಿಲ್ಲ. ಕೆಲವೇ ತಿಂಗಳಲ್ಲಿ ಬೆನ್ನು ನೆಟ್ಟಗಾಯಿತು, ಹಸಿವು ನಿದ್ರೆಗಳು ಮರಳಿದುವು. ರೋಗಿಯಾಗಿ ಹೋದವರು ಅಧ್ಯಾಪಕಿಯಾಗಿ ಹೊರಬಂದರು. ವ್ಯಾಯಾಮವೆಂಬುದು ಬಲಿಷ್ಠರ ವಿನೋದವಲ್ಲ, ದುರ್ಬಲರಿಗೇ ಅದು ಹೆಚ್ಚು ಬೇಕು ಎಂಬ ಅವರ ನಂಬಿಕೆ ಇಲ್ಲಿಯದು. ಮುಂದೆ ಅವರು ಹಾಕಿದ ಎಲ್ಲ ಗೆರೆಗಳ ಹಿಂದೆ ಈ ಹುಡುಗಿಯ ಬೆನ್ನುನೋವು ಇದೆಯೆಂಬುದನ್ನು ಮರೆಯಲಾಗದು.

1892ರ ಜನವರಿಯಲ್ಲಿ ಮಸಾಚುಸೆಟ್ಸ್ ರಾಜ್ಯದ ನಾರ್ಥಾಂಪ್ಟನ್ ಪಟ್ಟಣದ ಸ್ಮಿತ್ ಕಾಲೇಜಿನಲ್ಲಿ ವ್ಯಾಯಾಮದ ಉಪಾಧ್ಯಾಯಿನಿ ಅಸ್ವಸ್ಥರಾದರು. ಅವರ ಸ್ಥಾನದಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡಲು ಸೆಂಡಾ ಹೋದರು. ತಾತ್ಕಾಲಿಕವಾದ ಆ ನೇಮಕ ಹತ್ತೊಂಬತ್ತು ವರ್ಷಗಳ ಸೇವೆಯಾಗಿ ಬೆಳೆಯಿತು.

ಈ ಕಾಲೇಜಿನ ವಿಷಯವಾಗಿ ಎರಡು ಮಾತು ಹೇಳುವುದು ನಮ್ಮ ವಾಚಕರಿಗೆ ಅಪ್ರಿಯವಾಗಲಾರದು. ಹ್ಯಾಟ್‌ಫೀಲ್ಡ್ ಗ್ರಾಮದ ಸೋಫಿಯಾ ಸ್ಮಿತ್ ಎಂಬ ಅವಿವಾಹಿತ ಮಹಿಳೆ ತಮ್ಮ ಪಾಲಿಗೆ ಬಂದ ಆಸ್ತಿಯನ್ನು ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕೆಂದು ಮರಣಶಾಸನದಲ್ಲಿ ಬರೆದಿಟ್ಟು 1870ರಲ್ಲಿ ಗತಿಸಿದರು. ಆ ಹಣದಿಂದ ಸ್ಥಾಪಿತವಾದ ಕಾಲೇಜು 1875ರಲ್ಲಿ ಹದಿನಾಲ್ಕು ಮಂದಿ ವಿದ್ಯಾರ್ಥಿನಿಯರೊಂದಿಗೆ ಬಾಗಿಲು ತೆರೆಯಿತು. ಬೆರೆನ್ಸನ್ ಕುಟುಂಬ ಬಾಸ್ಟನ್ನಿಗೆ ಬಂದದ್ದೂ ಅದೇ ವರ್ಷ. ಸೆಂಡಾ ಬರುವುದಕ್ಕೆ ಸ್ವಲ್ಪ ಮುಂಚೆ ಕಾಲೇಜಿಗೆ ಹೊಸ ವ್ಯಾಯಾಮಶಾಲೆಯೊಂದು ದೊರೆತಿತ್ತು. ಅದನ್ನು ಕಟ್ಟಿಸಿದ್ದು ಅಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿನಿಯರ ದೇಣಿಗೆ. ಅದು ಅವರ ಹೆಸರಿನಿಂದಲೇ ಅಲಮ್ನಿ ಜಿಮ್ನೇಸಿಯಂ ಎನಿಸಿಕೊಂಡಿತು. ಆಸ್ತಿ ಕೊಟ್ಟವರೊಬ್ಬರು, ಕಟ್ಟಡ ಕೊಟ್ಟವರು ಹಲವರು. ಅದರೊಳಗೆ ಏನು ನಡೆಯಬೇಕೆಂಬುದನ್ನು ಕೊಟ್ಟವರು ಇಪ್ಪತ್ತಮೂರು ವರ್ಷದ ಒಬ್ಬ ವಲಸೆಗಾರ್ತಿ.

ನಾರ್ಥಾಂಪ್ಟನ್ನಿಗೆ ಸುಮಾರು ಇಪ್ಪತ್ತು ಮೈಲಿ ದೂರದಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರವಿದೆ. ಅಲ್ಲಿಯ ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಬೇಸತ್ತ ತರುಣರಿಗಾಗಿ 1891ರ ಡಿಸೆಂಬರ್ ತಿಂಗಳಲ್ಲಿ ಒಂದು ಹೊಸ ಆಟವನ್ನು ಕಲ್ಪಿಸಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಚೆಂಡನ್ನು ಬುಟ್ಟಿಗೆ ಹಾಕುವ ಆಟವಾದ್ದರಿಂದ ಅದಕ್ಕೆ ಬ್ಯಾಸ್ಕೆಟ್‌ಬಾಲ್ ಎಂದೇ ಹೆಸರಾಯಿತು. (ಇದೇ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ತರಬೇತು ಪಡೆದ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಕನ್ನಡನಾಡಿನ ಹಳೆಯ ತಲೆಮಾರಿನ ವ್ಯಾಯಾಮ ಶಿಕ್ಷಕರಲ್ಲಿ ಅಲ್ಲಿ ಕಲಿತು ಬಂದವರಿದ್ದರು.) ಈ ಆಟದ ವಿವರವನ್ನು ಪತ್ರಿಕೆಯೊಂದರಲ್ಲಿ ಓದಿದ ಸೆಂಡಾ ತಮ್ಮ ವಿದ್ಯಾರ್ಥಿನಿಯರಿಗೆ ಅದನ್ನು ಕಲಿಸಲು ನಿಶ್ಚಯಿಸಿದರು. ಕವಾಯತಿನಂತಹ ಸ್ವೀಡಿಷ್ ವ್ಯಾಯಾಮವನ್ನು ಹುಡುಗಿಯರು ಕರ್ತವ್ಯವೆಂದು ಮಾಡುತ್ತಿದ್ದರೇ ವಿನಾ ಉಲ್ಲಾಸದಿಂದಲ್ಲ ಎಂಬುದನ್ನು ಅವರು ಗಮನಿಸಿದ್ದರು. ಕಸದ ಬುಟ್ಟಿಗಳೆರಡನ್ನು ತೂಗುಹಾಕಿ ಆಟ ಮೊದಲಾಯಿತು.

1893ರ ಮಾರ್ಚ್ ತಿಂಗಳಲ್ಲಿ ಪ್ರಥಮ ವರ್ಷದವರಿಗೂ ದ್ವಿತೀಯ ವರ್ಷದವರಿಗೂ ನಡುವೆ ಪಂದ್ಯ ಏರ್ಪಾಟಾಯಿತು. ವನಿತೆಯರ ಕಾಲೇಜು ಬ್ಯಾಸ್ಕೆಟ್‌ಬಾಲಿನ ಚರಿತ್ರೆ ಇಲ್ಲಿಂದ ಎಣಿಕೆಯಾಗುತ್ತದೆ. ಆಡುವವರು ಸಡಿಲವಾದ ಷರಾಯಿ ತೊಟ್ಟಿದ್ದರಿಂದ ಪುರುಷರಿಗೆ ಪ್ರವೇಶವಿರಲಿಲ್ಲ. ಬಾಗಿಲುಗಳಿಗೆ ಅಗುಳಿ ಬಿದ್ದಿತ್ತು. ಒಳಗೆ ಸಹಪಾಠಿಗಳು ತಂತಮ್ಮ ತರಗತಿಯ ಬಣ್ಣಗಳನ್ನು ಧರಿಸಿ ಹಾಡುತ್ತ ಕಿಕ್ಕಿರಿದಿದ್ದರು. ಆಟವನ್ನು ಆರಂಭಿಸಲು ಸೆಂಡಾ ಚೆಂಡನ್ನು ಮೇಲಕ್ಕೆಸೆದರು. ಮೊದಲ ಕ್ಷಣದಲ್ಲೇ ಅನಾಹುತ: ಎತ್ತಿದ ಕೈಗೆ ಪೆಟ್ಟು ತಗಲಿ ಪ್ರಥಮ ವರ್ಷದ ನಡುಗಾರ್ತಿಯ ಭುಜ ಕೀಲು ತಪ್ಪಿತು. ಇಡೀ ಪ್ರಯೋಗ ಅಲ್ಲಿಗೇ ಮುಗಿಯಬಹುದಾಗಿತ್ತು. ಹೆಣ್ಣಿನ ದೇಹ ಇಂಥದನ್ನು ತಾಳದೆಂದು ಹೇಳುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿರಲಿಲ್ಲ. ಸೆಂಡಾ ಗಾಬರಿಗೊಳ್ಳಲಿಲ್ಲ. ಹುಡುಗಿಯನ್ನು ಪಕ್ಕದ ಕೊಠಡಿಗೆ ಕರೆದೊಯ್ದು ಕೀಲನ್ನು ಸ್ವಸ್ಥಾನಕ್ಕೆ ಕೂರಿಸಲಾಯಿತು, ಅವಳ ಬದಲಿಗೆ ಇನ್ನೊಬ್ಬಳು ಅಂಗಳಕ್ಕಿಳಿದಳು, ಆಟ ಮುಂದುವರಿಯಿತು. ದ್ವಿತೀಯ ವರ್ಷದವರು 5ಕ್ಕೆ 4ರಿಂದ ಗೆದ್ದರು.

ಹುಡುಗಿಯರಿಗೆ ಆಟ ಹುಚ್ಚು ಹಿಡಿಸಿತು. ಅದನ್ನು ಕಂಡು ಶಿಕ್ಷಕಿಗೆ ಸಂತೋಷದೊಡನೆ ಕಳವಳವೂ ಆಯಿತು. ಚೆಂಡಿಗಾಗಿ ಕೈಯಿಂದ ಕೈಗೆ ಕಿತ್ತಾಟ, ನೂಕಾಟ. ಗಟ್ಟಿಯಾದ ಒಬ್ಬಿಬ್ಬರು ಅಂಗಳವನ್ನೆಲ್ಲ ಆಕ್ರಮಿಸಿದರೆ ಮಿಕ್ಕವರು ಸುಮ್ಮನೆ ನಿಲ್ಲುವುದು. ಆಟ ಮುಗಿಯುವಷ್ಟರಲ್ಲಿ ಕೆಲವರಿಗೆ ಏದುಸಿರು. ಈ ದೋಷಗಳ ಪರಿಹಾರಕ್ಕೆಂದು ಅವರು ನೈಸ್ಮಿತ್ ನಿಯಮಗಳನ್ನು ಮಾರ್ಪಡಿಸಿದರು. ಅಂಗಳವನ್ನು ಎರಡು ಅಡ್ಡಗೆರೆಗಳಿಂದ ಮೂರು ಪಾಲು ಮಾಡಿ ಪ್ರತಿಯೊಬ್ಬಳೂ ತನ್ನ ಪಾಲಿನಲ್ಲೇ ಆಡತಕ್ಕದ್ದೆಂದರು. ಎದುರಾಳಿಯ ಕೈಯಲ್ಲಿರುವ ಚೆಂಡನ್ನು ಕಿತ್ತುಕೊಳ್ಳುವುದನ್ನು ನಿಷೇಧಿಸಿದರು. ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಾರದು, ಮೂರು ಸಲಕ್ಕಿಂತ ಹೆಚ್ಚು ನೆಲಕ್ಕೆ ಪುಟಿಸಬಾರದು.

ತರಗತಿಯಲ್ಲಿ ಪಾಠ ಹೇಳಿದವರಿಗೆ ಇದರ ಮರ್ಮ ತಟ್ಟನೆ ತಿಳಿಯುತ್ತದೆ. ಜಾಣ ವಿದ್ಯಾರ್ಥಿಯೊಬ್ಬನೇ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿಬಿಟ್ಟರೆ ಉಳಿದವರು ಬಾಯಿ ತೆರೆಯುವುದೆಂದು? ಸೆಂಡಾ ಹಾಕಿದ ಗೆರೆಗಳಿಂದ ಚೆಂಡು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೂರು ಪಾಲಿನವರ ಕೈಗಳನ್ನೂ ಹಾದೇ ಹೋಗಬೇಕು. ಹಿಂದೆ ನಿಲ್ಲುವ ಸಂಕೋಚದ ಹುಡುಗಿಗೂ ಅದು ಬಂದೇ ಬರಬೇಕು. ಕಾಲೇಜಿನ ಅಧಿಕಾರಿಗಳಿಗೂ ತಂದೆತಾಯಿಗಳಿಗೂ ಈ ಆಟ ಸ್ತ್ರೀಯೋಚಿತವೆಂದು ಸಮಾಧಾನವಾಗುವ ಇನ್ನೊಂದು ಪ್ರಯೋಜನವೂ ಅದರಿಂದ ಒದಗಿತು. ಆ ಸಮಾಧಾನವಿಲ್ಲದಿದ್ದರೆ ಆಟಕ್ಕೇ ಬಾಗಿಲು ಮುಚ್ಚುತ್ತಿತ್ತೆಂದು ಊಹಿಸಲು ಕಷ್ಟವಿಲ್ಲ.

ಬೇರೆ ಕಡೆಗಳಲ್ಲಿ ಬೇರೆ ಬೇರೆ ನಿಯಮಗಳು ಹುಟ್ಟಿಕೊಂಡುವು. ನ್ಯೂ ಆರ್ಲಿಯನ್ಸಿನ ನ್ಯೂಕಂ ಕಾಲೇಜಿನ ಕ್ಲಾರಾ ಬೇರ್ 1895ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಅಂಗಳ ಇನ್ನೂ ಹೆಚ್ಚು ತುಂಡುಗಳಾಗಿತ್ತು. ಈ ಗೊಂದಲವನ್ನು ನಿವಾರಿಸಲು 1899ರ ಜೂನ್ ತಿಂಗಳಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸಮಿತಿಯೊಂದು ರಚಿತವಾಯಿತು. ಅದು ಅಂಗೀಕರಿಸಿದ್ದು ಬಹುಮಟ್ಟಿಗೆ ಸ್ಮಿತ್ ಕಾಲೇಜಿನ ಪದ್ಧತಿಯನ್ನೇ. 1901ರಲ್ಲಿ ಸ್ಪಾಲ್ಡಿಂಗ್ ಸಂಸ್ಥೆ ಸೆಂಡಾ ಅವರ ಸಂಪಾದಕತ್ವದಲ್ಲಿ ಆ ನಿಯಮಗಳ ಪುಸ್ತಕವನ್ನು ಅಚ್ಚುಮಾಡಿತು. ಸುಮಾರು ಹದಿನೈದು ವರ್ಷ ಅವರು ಅದನ್ನು ಪರಿಷ್ಕರಿಸುತ್ತ ಬಂದರು. 1905ರಿಂದ 1917ರವರೆಗೆ ವನಿತೆಯರ ಬ್ಯಾಸ್ಕೆಟ್‌ಬಾಲ್ ಸಮಿತಿಯ ಅಧ್ಯಕ್ಷತೆಯೂ ಅವರದೇ. ಇದರ ನಡುವೆ 1897ರಲ್ಲಿ ಸ್ಟಾಕ್‌ಹೋಮ್ ನಗರಕ್ಕೆ ತೆರಳಿ ಅಲ್ಲಿಯ ರಾಜಕೀಯ ವ್ಯಾಯಾಮ ಸಂಸ್ಥೆಯಲ್ಲಿ ಅಧ್ಯಯನ ನಡೆಸಿ ಬಂದರು. ಕತ್ತಿವರಸೆ, ಜಾನಪದ ನೃತ್ಯಗಳನ್ನು ತಮ್ಮ ಕಾಲೇಜಿನಲ್ಲಿ ಬಳಕೆಗೆ ತಂದರು. ಅಂಗದೌರ್ಬಲ್ಯವುಳ್ಳ ವಿದ್ಯಾರ್ಥಿನಿಯರಿಗೆ ಪ್ರತ್ಯೇಕವಾಗಿ ಪರಿಹಾರ ವ್ಯಾಯಾಮಗಳನ್ನು ಹೇಳಿಕೊಟ್ಟರು.

ಒಂದು ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ತಮ್ಮ ವಿದ್ಯಾರ್ಥಿನಿಯರು ಅನ್ಯ ಕಾಲೇಜಿನವರೊಡನೆ ಪಂದ್ಯವಾಡುವುದು ಅವರಿಗೆ ಸಮ್ಮತವಿರಲಿಲ್ಲ. ಅತ್ತ ಪಶ್ಚಿಮ ಕರಾವಳಿಯಲ್ಲಿ 1896ರ ಏಪ್ರಿಲ್ 4ರಂದೇ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಎದುರುಬದುರಾಗಿ, ಸ್ಟ್ಯಾನ್‌ಫರ್ಡ್ 2ಕ್ಕೆ 1ರಿಂದ ಜಯಗಳಿಸಿತ್ತು. ಸ್ಮಿತ್‌ನಲ್ಲಿ ಅಂಥದಕ್ಕೆ ಆಸ್ಪದವಿಲ್ಲ. ತರಗತಿ ತರಗತಿಗಳ ನಡುವಣ ಪಂದ್ಯಗಳಷ್ಟೆ. ಪುರುಷರ ಕಾಲೇಜುಗಳಲ್ಲಿ ಫುಟ್‌ಬಾಲ್ ಯಾವ ಗತಿಗೆ ಇಳಿದಿತ್ತೆಂಬುದನ್ನು ಅವರು ಕಂಡಿದ್ದರು: ಗೆಲುವೊಂದೇ ಗುರಿ, ಟಿಕೆಟ್ಟಿನ ಹಣ, ಹೊಡೆದಾಟ, ಕೈಕಾಲು ಮುರಿತ. ಹನ್ನೊಂದು ಮಂದಿ ಆಡಿ ಸಾವಿರ ಮಂದಿ ನೋಡುವ ವ್ಯವಸ್ಥೆ ಕಾಲೇಜಿಗೆ ಹೆಸರು ತರಬಹುದು, ಸಾವಿರ ಮಂದಿಗೆ ಆರೋಗ್ಯ ತರಲಾರದು. ಈ ಆತಂಕ ನಿರಾಧಾರವಾದುದೆಂದು ಇಂದಿಗೂ ಯಾರೂ ಹೇಳಲಾರರು. ಆದರೆ ಅದರ ಪರಿಣಾಮ ಅವರು ಎಣಿಸಿದ್ದಕ್ಕಿಂತ ಬಹು ದೂರ ಹೋಯಿತು.

1911ರಲ್ಲಿ ಅವರು ಅದೇ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ಹರ್ಬರ್ಟ್ ವಾನ್ ಅಬಟ್ ಅವರನ್ನು ವರಿಸಿ ಕಾಲೇಜಿನ ಕೆಲಸಕ್ಕೆ ರಾಜೀನಾಮೆಯಿತ್ತರು. ಬಳಿಕ ನಾರ್ಥಾಂಪ್ಟನ್ನಿನಲ್ಲೇ ಇದ್ದ ಮೇರಿ ಬರ್ನ್‌ಹ್ಯಾಮ್ ಶಾಲೆಯ ವ್ಯಾಯಾಮ ವಿಭಾಗವನ್ನು 1921ರವರೆಗೆ ನಡೆಸಿದರು. 1929ರಲ್ಲಿ ಪತಿವಿಯೋಗ. 1934ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾಕ್ಕೆ ಹೋಗಿ ಸೋದರಿಯೊಡನೆ ವಾಸಿಸಿ, 1954ರ ಫೆಬ್ರವರಿ 16ರಂದು, ಎಂಬತ್ತಾರನೆಯ ಹುಟ್ಟುಹಬ್ಬಕ್ಕೆ ಒಂದು ತಿಂಗಳಿರುವಾಗ ತೀರಿಕೊಂಡರು.

ಅವರ ನಿವೃತ್ತಿಯ ತರುವಾಯ ನಡೆದುದನ್ನು ಹೇಳದಿದ್ದರೆ ಈ ಜೀವನವೃತ್ತಾಂತ ಅರ್ಧವಾಗುತ್ತದೆ. 1923ರಲ್ಲಿ ಲೂ ಹೆನ್ರಿ ಹೂವರ್ ಅವರ ನಾಯಕತ್ವದಲ್ಲಿ ರಾಷ್ಟ್ರೀಯ ಹವ್ಯಾಸಿ ಕ್ರೀಡಾ ಒಕ್ಕೂಟದ ಮಹಿಳಾ ವಿಭಾಗ ಸ್ಥಾಪಿತವಾಗಿ, ವನಿತೆಯರಿಗೆ ಪ್ರಶಸ್ತಿಗಾಗಿ ನಡೆಯುವ ಸ್ಪರ್ಧೆ ಬೇಡವೆಂದು ಪ್ರಚಾರ ಮಾಡಿತು. ಅಂತರ ಕಾಲೇಜು ಪಂದ್ಯಗಳು ಹಲವೆಡೆ ನಿಂತುವು. ಅವುಗಳ ಬದಲಾಗಿ ಕ್ರೀಡಾದಿನಗಳು ಬಂದುವು: ನಾಲ್ಕಾರು ಕಾಲೇಜುಗಳ ಹುಡುಗಿಯರು ಒಂದೆಡೆ ಸೇರುವುದು, ಎಲ್ಲರನ್ನೂ ಬೆರಸಿ ತಂಡಗಳನ್ನು ಮಾಡುವುದು, ತಿಂಡಿ ತಿಂದು ಮನೆಗೆ ಮರಳುವುದು. ಯಾವ ಕಾಲೇಜೂ ಗೆಲ್ಲುತ್ತಿರಲಿಲ್ಲ, ಯಾವುದೂ ಸೋಲುತ್ತಿರಲಿಲ್ಲ. ಕಲ್ಪನೆ ಸೊಗಸೇ. ಆದರೆ ನಿಜವಾಗಿ ಆಡಬಲ್ಲ ಹುಡುಗಿಗೆ ತನ್ನ ಶಕ್ತಿ ಎಷ್ಟೆಂದು ತಿಳಿಯುವ ದಾರಿ ಅಲ್ಲಿರಲಿಲ್ಲ. ಅಂಗಳದ ಗೆರೆಗಳೂ ಬೇಗ ಅಳಿಯಲಿಲ್ಲ. 1938ರಲ್ಲಿ ಮೂರು ಪಾಲು ಎರಡಾಯಿತು; ಚೆಂಡನ್ನು ಎಷ್ಟು ಸಲವಾದರೂ ಪುಟಿಸಬಹುದೆಂಬ ಅನುಮತಿ 1966ರಲ್ಲಿ ದೊರೆಯಿತು. ಕಾಲೇಜಿನ ಹುಡುಗಿಯರು ಐವರ ತಂಡವಾಗಿ ಇಡೀ ಅಂಗಳದಲ್ಲಿ ಓಡಾಡುವ ನಿಯಮ ಖಾಯಂ ಆದದ್ದು 1971ರಲ್ಲಿ. ಅಯೋವ ರಾಜ್ಯದ ಪ್ರೌಢಶಾಲೆಗಳಲ್ಲಿ ಇಬ್ಭಾಗದ ಅಂಗಳದ ಆರಾಟಗಾರ್ತಿಯರ ಆಟ 1993ರವರೆಗೂ, ಓಕ್ಲಹೋಮದಲ್ಲಿ 1995ರವರೆಗೂ ಉಳಿಯಿತು. ಬಿಗಿಯುಡುಪಿನ ಕಾಲದ ಹುಡುಗಿಯರಿಗಾಗಿ ಒಬ್ಬ ಶಿಕ್ಷಕಿ ಹಾಕಿದ ಗೆರೆಗಳು ಮೊಮ್ಮಕ್ಕಳ ಮಕ್ಕಳ ಕಾಲದವರೆಗೆ ಬಾಳಿದುವು. ಸೆಂಡಾ ತಮ್ಮ ನಿಯಮಗಳನ್ನು ತಾವೇ ತಿದ್ದುತ್ತಿದ್ದವರು. ಅನಂತರದವರು ಅವುಗಳನ್ನು ಶಾಸನವಾಗಿ ಮಾಡಿಕೊಂಡರು. ಆದರೂ ಹೊಣೆಯನ್ನೆಲ್ಲ ಅನಂತರದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೆಣ್ಣಿನ ದೇಹಶಕ್ತಿಗೆ ಮಿತಿಯುಂಟೆಂಬ ಕ್ಲಾರ್ಕ್ ವೈದ್ಯರ ಮಾತಿನಲ್ಲಿ ಒಂದು ಪಾಲನ್ನು, ಅದನ್ನು ಖಂಡಿಸಲೆಂದು ಹೊರಟ ಸೆಂಡಾ ಕೂಡ ನಂಬಿದ್ದರು.

1971ರಲ್ಲಿ ಮಹಿಳೆಯರ ಅಂತರ ಕಾಲೇಜು ಕ್ರೀಡಾಸಂಘ ಸ್ಥಾಪನೆಯಾಯಿತು. ಮರುವರ್ಷ ಅದು ನಡೆಸಿದ ಮೊದಲ ರಾಷ್ಟ್ರೀಯ ಪಂದ್ಯಾವಳಿಯನ್ನು ಫಿಲಡೆಲ್ಫಿಯದ ಬಳಿಯ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಮಹಿಳಾ ಕಾಲೇಜು ಗೆದ್ದಿತು. ಅದೇ 1972ರಲ್ಲಿ ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದ ಮಾಡಕೂಡದೆಂಬ ಶಾಸನವೂ ಜಾರಿಗೆ ಬಂದಿತು. ಬಳಿಕ ಬಂದುದು ಕಾನ್ಫರೆನ್ಸ್ ಪಂದ್ಯಾವಳಿಗಳ ಕಾಲ. ಅಮೆರಿಕದಲ್ಲಿ ಕಾಲೇಜುಗಳು ಕೆಲವು ಕೆಲವಾಗಿ ಕೂಡಿ ಕಾನ್ಫರೆನ್ಸ್ ಎಂಬ ಕೂಟಗಳನ್ನು ಕಟ್ಟಿಕೊಂಡಿವೆ. ಚಳಿಗಾಲವೆಲ್ಲ ಪರಸ್ಪರ ಆಡಿ, ಕೊನೆಯಲ್ಲಿ ಕೆಲವು ದಿನ ಒಟ್ಟಾಗಿ, ಸೋತವರು ಹೊರಗೆ ಎಂಬ ಕ್ರಮದಲ್ಲಿ ಕೂಟದ ಪ್ರಶಸ್ತಿಯನ್ನು ನಿರ್ಧರಿಸುತ್ತವೆ. ಗೆದ್ದ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ. ವರ್ಷವಿಡೀ ಸೋಲುತ್ತ ಬಂದ ತಂಡವೂ ಆ ಕೆಲವು ದಿನ ಚೆನ್ನಾಗಿ ಆಡಿದರೆ ದೇಶದ ಮುಂದೆ ನಿಲ್ಲಬಹುದು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ವನಿತೆಯರಿಗಾಗಿ ಇಂಥ ಪಂದ್ಯಾವಳಿಯನ್ನು 1978ರಲ್ಲಿ ಆರಂಭಿಸಿತು. ಮೊದಲ ಪ್ರಶಸ್ತಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ್ದು. 1982ರಲ್ಲಿ ಪುರುಷರ ಕ್ರೀಡೆಗಳನ್ನು ನಡೆಸುತ್ತಿದ್ದ ಎನ್.ಸಿ.ಎ.ಎ. ಸಂಸ್ಥೆಯೇ ವನಿತೆಯರ ರಾಷ್ಟ್ರೀಯ ಪಂದ್ಯಾವಳಿಯನ್ನೂ ಕೈಗೆತ್ತಿಕೊಂಡಿತು. ಸೆಂಡಾ ಅಂಜಿದ್ದ ಜನಜಂಗುಳಿ, ಟಿಕೆಟ್ಟು, ಗೆಲುವಿನ ಹಂಬಲ ಎಲ್ಲವೂ ಬಂದುವು. ಅವರು ಊಹಿಸದಿದ್ದುದೂ ಬಂದಿತು: ಚೆನ್ನಾಗಿ ಆಡುತ್ತಾಳೆಂಬ ಕಾರಣಕ್ಕೇ ವಿದ್ಯಾರ್ಥಿವೇತನ ಪಡೆದು, ಇಲ್ಲದಿದ್ದರೆ ಕಾಲೇಜಿನ ಮುಖ ಕಾಣದಿದ್ದ ಬಡ ಮನೆಯ ಹುಡುಗಿ ಪದವೀಧರೆಯಾಗುವುದು.

1985ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ನೈಸ್ಮಿತ್ ಸ್ಮಾರಕ ಕೀರ್ತಿಮಂದಿರಕ್ಕೆ ಮೊತ್ತಮೊದಲಾಗಿ ಮೂವರು ಮಹಿಳೆಯರ ಹೆಸರುಗಳು ಸೇರಿದುವು. ಒಂದು ಸೆಂಡಾ ಅವರದು. ಉಳಿದೆರಡು, ಓಕ್ಲಹೋಮದ ಪ್ರೌಢಶಾಲಾ ಹುಡುಗಿಯರಿಗೆ ದಶಕಗಳ ಕಾಲ ತರಬೇತು ನೀಡಿದ ಬರ್ತಾ ಟೀಗ್ ಮತ್ತು ಡೆಲ್ಟಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 1975ರಿಂದ ಸತತ ಮೂರು ವರ್ಷ ರಾಷ್ಟ್ರೀಯ ಪ್ರಶಸ್ತಿ ಗಳಿಸಿಕೊಟ್ಟ ಮಾರ್ಗರೆಟ್ ವೇಡ್ ಅವರವು. ಪ್ರಶಸ್ತಿಯ ಪಂದ್ಯವೇ ಬೇಡವೆಂದವರೂ ಪ್ರಶಸ್ತಿಗಳನ್ನು ಗೆದ್ದವರೂ ಒಂದೇ ದಿನ ಒಂದೇ ಗೋಡೆಯನ್ನು ಸೇರಿದರು. 1999ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ತೆರೆದ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರದ ಮೊದಲ ಪಟ್ಟಿಯಲ್ಲೂ ಸೆಂಡಾ ಅವರ ಹೆಸರಿದೆ.

ಸ್ಮಿತ್ ಕಾಲೇಜು ಕೂಡ ಇತರ ಕಾಲೇಜುಗಳೊಡನೆ ಆಡತೊಡಗಿ ಬಹಳ ವರ್ಷಗಳಾದುವು. ನ್ಯೂ ಇಂಗ್ಲೆಂಡ್ ಪ್ರಾಂತದ ಕಾಲೇಜುಗಳ ಕೂಟವೊಂದಕ್ಕೆ ಅದೂ ಸದಸ್ಯ. 2024ರಲ್ಲಿ ಅಲ್ಲಿಯ ಹುಡುಗಿಯರು ಕ್ರೀಡಾ ವಿದ್ಯಾರ್ಥಿವೇತನ ನೀಡದ ಕಾಲೇಜುಗಳ ಮೂರನೆಯ ಶ್ರೇಣಿಯ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅಂತಿಮ ಪಂದ್ಯದವರೆಗೆ ನಡೆದು, ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡಕ್ಕೆ ಮಣಿದರು.